ಊರ ಮನೆ ಮಾರಿದ ಮೇಲೆ ರಜೆಗೆ ಎಲ್ಲಿಗೆ?

ಬ್ಯಾಂಕಿನವರಿಗೆ ಎಲ್‌ಎಫ್‌ಸಿ ಅಂತ ಒಂದು ಸೌಲಭ್ಯ ಇದೆ. ನಾಲ್ಕು ವರ್ಷಕ್ಕೆ ಒಂದು ಬ್ಲಾಕು. ಎರಡು ವರ್ಷಕ್ಕೊಮ್ಮೆ ಸ್ವಂತ ಊರಿಗೆ ಹೋಗಿ ಬರಬಹುದು, ಇಲ್ಲವೇ ಒಂದು ಸಲ ಊರಿಗೆ, ಇನ್ನೊಂದು ಸಲ ಭಾರತದಲ್ಲಿ ಎಲ್ಲಿಗಾದರೂ. ಮೊದಲ ಇಪ್ಪತ್ತು ವರ್ಷ ನನಗೆ ಈ ಎರಡನೆಯದರ ಯೋಚನೆಯೇ ಬರಲಿಲ್ಲ. ರಜೆ ಅಂದರೆ ಊರು. ಹೈದರಾಬಾದಿನಿಂದ ರೈಲು ಹತ್ತಿದರೆ ಹಾವೇರಿ, ಅಲ್ಲಿಂದ ಬಸ್ಸು, ಬಾಗಿಲಲ್ಲಿ ಅವ್ವ.

ಅವ್ವ 2017ರಲ್ಲಿ ಹೋದಳು. 2019ರಲ್ಲಿ ಅಣ್ಣ ತಮ್ಮಂದಿರೆಲ್ಲ ಸೇರಿ ಮನೆ ಮಾರಿದೆವು. ಆಮೇಲೆ ಬಂದ ಮೊದಲ ಎಲ್‌ಎಫ್‌ಸಿಗೆ ಎಲ್ಲರ ಹಾಗೆ ನಾವೂ ಪ್ಯಾಕೇಜ್ ಟೂರ್ ಬುಕ್ ಮಾಡಿ ಕಾಶ್ಮೀರಕ್ಕೆ ಹೋದೆವು. ಕಾಶ್ಮೀರ ಚೆನ್ನಾಗಿಯೇ ಇತ್ತು, ಅದರ ಬಗ್ಗೆ ತಕರಾರಿಲ್ಲ. ಆದರೆ ಬೆಳಿಗ್ಗೆ ಆರಕ್ಕೆ ಎಬ್ಬಿಸಿ, ರಾತ್ರಿ ಹತ್ತಕ್ಕೆ ತಂದು ಬಿಡುತ್ತಿದ್ದರು. ಆರು ದಿನದಲ್ಲಿ ಮನೆಯವರು ಒಟ್ಟಿಗೆ ಕೂತು ಮಾತಾಡಿದ್ದು ವಿಮಾನ ನಿಲ್ದಾಣದಲ್ಲಿ ಮಾತ್ರ!

ಅದಾದ ಮೇಲೆ ಒಂದು ತೀರ್ಮಾನಕ್ಕೆ ಬಂದೆ. ಊರಿಲ್ಲದ ನಮ್ಮಂಥವರು ವರ್ಷಕ್ಕೊಂದು ಸಲವಾದರೂ ಹತ್ತಿರದಲ್ಲೇ ಇರುವ ಕನ್ನಡದ ಜಾಗಗಳಿಗೆ ಹೋಗಬೇಕು. ಹೈದರಾಬಾದಿನವರಿಗೆ ಅಂಥವು ಮೂರು-ನಾಲ್ಕು ಗಂಟೆಯ ದೂರದಲ್ಲೇ ಇವೆ. ಈ ಎರಡು ವರ್ಷದಲ್ಲಿ ನಾವು ಮಾಡಿದ ಮೂರು ಪ್ರವಾಸಗಳ ಲೆಕ್ಕ ಒಪ್ಪಿಸುತ್ತೇನೆ, ನೀವೇ ನೋಡಿ.

ಮೊದಲನೆಯದು ಮನೆಮಂದಿಯ ಜೊತೆ, ಬೀದರಿಗೆ. ಸುಮಾರು 140 ಕಿ.ಮೀ. ಎಂಬತ್ತರ ಹತ್ತಿರದ ನಮ್ಮ ಅತ್ತೆ, ನಾವಿಬ್ಬರು, ಮಗ, ಮಗಳು. ಜಹೀರಾಬಾದ್ ದಾಟಿ ಗಡಿ ಬಂತು, ಬೋರ್ಡುಗಳು ಕನ್ನಡವಾದವು. ಶಾಲೆಯಲ್ಲಿ ಕನ್ನಡ ಕಲಿಯದ ನನ್ನ ಮಗ ಒಂದೊಂದೇ ಬೋರ್ಡು ಓದಲು ಶುರು ಮಾಡಿದ! ನನಗೆ ಆಶ್ಚರ್ಯ. "ಅಪ್ಪ, ಇದು ತೆಲುಗೇ ಅಲ್ವಾ, ಸ್ವಲ್ಪ ಸೊಟ್ಟಗಿದೆ ಅಷ್ಟೆ" ಅಂದ. ಶಾಲೆಯಲ್ಲಿ ತೆಲುಗು ಕಲಿತ ಮಕ್ಕಳಿಗೆ ಕನ್ನಡದ ಕ, ತ, ಶ ಇಂಥ ಕೆಲವು ಅಕ್ಷರ ಗುರುತು ಮಾಡಿಕೊಟ್ಟರೆ ಸಾಕು, ಉಳಿದದ್ದು ಅವರೇ ಓದಿಕೊಳ್ಳುತ್ತಾರೆ. ಇಪ್ಪತ್ತು ವರ್ಷ ಇದು ನನಗೆ ಹೊಳೆಯಲೇ ಇಲ್ಲವಲ್ಲ ಎಂದು ನಾಚಿಕೆಯಾಯಿತು. ಮಕ್ಕಳಿಗೆ ಕನ್ನಡ ಬರಲ್ಲ ಅಂತ ಸಂಘದಲ್ಲಿ ಭಾಷಣ ಮಾಡುವುದಕ್ಕಿಂತ ಬೀದರಿಗೆ ಒಂದು ಕಾರು ಮಾಡುವುದು ಮೇಲು.

ಬೀದರಿನಲ್ಲಿ ಕೋಟೆಗೆ ಅರ್ಧ ದಿನ ಇಡಿ. ರಂಗೀನ್ ಮಹಲ್‌ನಲ್ಲಿ ಕಪ್ಪು ಕಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಇದೆ. ಬಾಗಿಲಿಗೆ ಬೀಗ ಇದ್ದರೆ ಸುಮ್ಮನೆ ವಾಪಸ್ ಬರಬೇಡಿ, ಕೋಟೆಯೊಳಗಿನ ಪುರಾತತ್ವ ಇಲಾಖೆಯವರನ್ನು ಕೇಳಿ. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಊರ ನಡುವೆಯೇ ಇದೆ. ಅಷ್ಟೂರಿನ ಗುಮ್ಮಟಗಳಿಗೆ ಸಂಜೆ ಹೋಗಿ, ಬಿಸಿಲು ಇಳಿದಿರುತ್ತದೆ. ಅಲ್ಲಿನ ಅಹಮದ್ ಶಾ ವಲಿಯ ಉರುಸಿಗೆ ಹಿಂದೂಗಳೂ ಮುಸ್ಲಿಮರೂ ಕೂಡಿ ಬರುತ್ತಾರೆ. ವಯಸ್ಸಾದವರು ಜೊತೆಗಿದ್ದರೆ ಗುರುದ್ವಾರ ನಾನಕ್ ಝೀರಾದಲ್ಲಿ ಊಟ ಮಾಡಿ. ತಲೆಗೆ ಬಟ್ಟೆ ಹಾಕಿಕೊಂಡು ಸಾಲಾಗಿ ಕೂತರೆ ಬಿಸಿ ರೊಟ್ಟಿ, ದಾಲ್ ಬಡಿಸುತ್ತಾರೆ. ನಮ್ಮ ಅತ್ತೆ ಇವತ್ತಿಗೂ ಆ ದಾಲ್ ಸುದ್ದಿ ಬಿಟ್ಟಿಲ್ಲ.

ಬಿದರಿ ಸಾಮಾನು ಕೊಳ್ಳುವ ಮೊದಲು ಅದನ್ನು ಮಾಡುವುದನ್ನು ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಕಡೆಗೆ ಕೋಟೆಯ ಮಣ್ಣಿನಲ್ಲಿ ಕಾಯಿಸಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಅದನ್ನು ಕಣ್ಣಾರೆ ಕಂಡವರು ಬೆಲೆಯಲ್ಲಿ ಚೌಕಾಸಿ ಮಾಡುವುದಿಲ್ಲ. ಮರುದಿನ ಹುಮನಾಬಾದ್ ಬಳಿಯ ಜಲಸಂಗ್ವಿ. ಚಾಲುಕ್ಯರ ಕಾಲದ ಆ ಗುಡಿಯ ಹೊರಗೋಡೆಯಲ್ಲಿ ಒಬ್ಬ ಮದನಿಕೆ ವಿಕ್ರಮಾದಿತ್ಯನನ್ನು ಹೊಗಳಿ ಶಾಸನ ಬರೆಯುತ್ತಾ ನಿಂತಿದ್ದಾಳೆ. ನನ್ನ ಮಗಳು ಆಕೆಯ ಮುಂದೆ ಅರ್ಧ ಗಂಟೆ ನಿಂತಳು. ಅಲ್ಲಿಂದ ಬಸವಕಲ್ಯಾಣ ನೋಡಿಕೊಂಡು ಸೊಲ್ಲಾಪುರ ಹೆದ್ದಾರಿಯಲ್ಲಿ ರಾತ್ರಿಗೆ ಮನೆ.

ಎರಡನೆಯದು ಗೆಳೆಯರ ಜೊತೆ. ನಾಲ್ಕು ಜನ, ಅದರಲ್ಲಿ ಒಬ್ಬರು ತೆಲುಗಿನವರು, ನನ್ನ ಹಳೆಯ ಬ್ರ್ಯಾಂಚಿನ ಸಹೋದ್ಯೋಗಿ. ಹೋಗಿದ್ದು ವೇಮುಲವಾಡಕ್ಕೆ. ಹೌದು, ಆದಿಕವಿ ಪಂಪನಿಗೆ ಆಶ್ರಯ ಕೊಟ್ಟ ಅರಿಕೇಸರಿಯ ರಾಜಧಾನಿ ಇರುವುದು ತೆಲಂಗಾಣದಲ್ಲಿ, ಹೈದರಾಬಾದಿನಿಂದ ಸುಮಾರು 150 ಕಿ.ಮೀ. ಸೋಮವಾರ ಮತ್ತು ಶಿವರಾತ್ರಿಯ ಆಸುಪಾಸು ಹೋಗಬೇಡಿ, ರಾಜರಾಜೇಶ್ವರನ ಗುಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಅಲ್ಲಿಂದ ಕರೀಂನಗರದ ಕಡೆ ಕುರಿಕ್ಯಾಲ ಎಂಬ ಹಳ್ಳಿ. ಅಲ್ಲಿನ ಬೊಮ್ಮಲಗುಟ್ಟದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ ಶಾಸನ ಇದೆ, ಮೇಲ್ಗಡೆ ಜಿನಬಿಂಬಗಳು. ಸಂಸ್ಕೃತ, ಕನ್ನಡ, ತೆಲುಗು, ಮೂರೂ ಒಂದೇ ಬಂಡೆಯ ಮೇಲೆ. ಪಂಪನ ಮನೆತನದ ವಿವರ ನಮಗೆ ಸಿಕ್ಕಿದ್ದು ಈ ಕಲ್ಲಿನಿಂದ. ತೆಲುಗಿನ ಹಳೆಯ ಕಂದಪದ್ಯಗಳೂ ಇದರಲ್ಲೇ ಇವೆ. ತೆಲುಗು ನಾನು ಓದ್ತೀನಿ, ಕನ್ನಡ ನೀವು ಓದಿ ಎಂದು ಗೆಳೆಯರು ಮುಂದಾದರು. ಇಬ್ಬರಿಗೂ ಒಂದು ಸಾಲೂ ದಕ್ಕಲಿಲ್ಲ! ಆಗ ಎರಡು ಭಾಷೆಗೂ ಲಿಪಿ ಒಂದೇ ಇತ್ತು. ನೀರು, ತಿಂಡಿ, ಒಳ್ಳೆಯ ಬೂಟು ಇಟ್ಟುಕೊಂಡು ಬೆಳಿಗ್ಗೆಯೇ ಹತ್ತಿ, ಬಂಡೆ ಬೇಗ ಕಾಯುತ್ತದೆ. ದಾರಿ ಊರವರನ್ನೇ ಕೇಳಿ, ತೆಲುಗಿನಲ್ಲಿ ಕೇಳಿದರೆ ಜೊತೆಗೇ ಬರುತ್ತಾರೆ.

ಮೂರನೆಯದು ನಾವಿಬ್ಬರೇ. "ಅಲ್ರೀ, ನಾವಿಬ್ರೇ ಎಲ್ಲಿಗಾದ್ರೂ ಹೋಗಿದ್ದು ಯಾವಾಗ?" ಎಂದು ಮನೆಯವಳು ಕೇಳಿದಾಗ ಉತ್ತರ ಸಿಗಲಿಲ್ಲ. ಬೆಳಗಿನ ರೈಲಿಗೆ ಸೇಡಂನಲ್ಲಿ ಇಳಿದು, ಆಟೋ ಮಾಡಿಕೊಂಡು ಮಳಖೇಡಕ್ಕೆ ಹೋದೆವು. ಕಾಚಿಗುಡದ ನೃಪತುಂಗ ಶಾಲೆಯ ಮುಂದೆ ಇಪ್ಪತ್ತೈದು ವರ್ಷ ಓಡಾಡಿದ ನಾನು ನೃಪತುಂಗನ ಊರನ್ನೇ ನೋಡಿರಲಿಲ್ಲ. ಕವಿರಾಜಮಾರ್ಗ ಹುಟ್ಟಿದ ರಾಜಧಾನಿಯಲ್ಲಿ ಈಗ ಕಾಗಿಣಾ ನದಿ, ಬಿದ್ದ ಕೋಟೆ, ಜೈನ ಬಸದಿ, ಉತ್ತರಾದಿ ಮಠ. ಬಂದವರು ಹೆಚ್ಚಾಗಿ ಮಠಕ್ಕೆ ಕೈಮುಗಿದು ಹೊರಟುಬಿಡುತ್ತಾರೆ. ನಾವು ನದಿ ದಂಡೆಯಲ್ಲಿ ಬುತ್ತಿ ಬಿಚ್ಚಿ ಎರಡು ಗಂಟೆ ಕೂತೆವು. ಮಕ್ಕಳ ಮದುವೆ, ನಿವೃತ್ತಿಯ ಮೇಲೆ ಎಲ್ಲಿರುವುದು, ಇದನ್ನೆಲ್ಲ ಮಾತಾಡಿದ್ದು ಅಲ್ಲೇ. ರಾತ್ರಿ ಕಲಬುರಗಿ. ಬೆಳಿಗ್ಗೆ ಸೂಸಲಾ ಮಿರ್ಚಿ ತಿಂದು, ಬಂದೇ ನವಾಜರ ದರ್ಗಾ, ಶರಣಬಸವೇಶ್ವರ ಗುಡಿ, ಕೋಟೆಯೊಳಗೆ 1367ರ ಜಾಮಿ ಮಸೀದಿ ನೋಡಿದೆವು. ಮನೆಗೆ ಎರಡು ಕೆಜಿ ತೊಗರಿ ಬೇಳೆ ಬಂತು. ಅದರ ಸಾರಿನ ಮುಂದೆ ಯಾವ ಟೂರ್ ಪ್ಯಾಕೇಜೂ ಇಲ್ಲ.

"ಅಲ್ಲೇನಿದೆ ಸಾರ್, ಬರೀ ಬಿಸಿಲು, ಧೂಳು" ಎನ್ನುವವರಿದ್ದಾರೆ. ಸುಳ್ಳಲ್ಲ. ಮಾರ್ಚಿನಿಂದ ಜೂನ್‌ವರೆಗೆ ಆ ಕಡೆ ತಲೆ ಹಾಕಬೇಡಿ, ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಕೋಟೆ ಗುಡಿಗಳ ಬಳಿ ಶೌಚಾಲಯ ಇದೆ ಎಂದು ನಂಬಿಕೊಂಡು ಹೋಗಬೇಡಿ, ಹೆಂಗಸರು ಜೊತೆಗಿದ್ದರೆ ಲಾಡ್ಜಿನಲ್ಲೇ ಮುಗಿಸಿಕೊಂಡು ಹೊರಡಿ. ವಿವರದ ಫಲಕಗಳೂ ಕಮ್ಮಿ, ಮನೆಯಲ್ಲೇ ಸ್ವಲ್ಪ ಓದಿಕೊಂಡು ಹೋಗಿ.

ಆದರೆ ಧೂಳಿನ ಮಾತಿನ ಹಿಂದೆ ಇನ್ನೊಂದು ಮಾತೂ ಇದೆ. ಬೀದರ, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಇದೇ ಅವರ ರಾಜಧಾನಿ. ಈ ಊರಿನಲ್ಲಿ ನಮಗಿಂತ ಮೊದಲು ಕನ್ನಡ ಮಾತಾಡಿದವರು ಅವರು. ಆಮೇಲೆ ಧಾರವಾಡ, ಮೈಸೂರು ಕಡೆಯಿಂದ ನೌಕರಿಗೆ ಬಂದ ನಾವು ಅವರನ್ನು "ಆ ಕಡೆಯವರು" ಎಂದು ದೂರ ಇಟ್ಟೆವು, ಅವರ ಉರ್ದು ಬೆರೆತ ಕನ್ನಡಕ್ಕೆ ನಕ್ಕೆವು. ನಾನೂ ನಕ್ಕವನೇ. ಆಟೋದವನೊಬ್ಬ ಅದೇ ಕನ್ನಡದಲ್ಲಿ "ಎಲ್ಲಿಂದ ಬಂದೀರಿ ಕಾಕಾ?" ಎಂದು ಕೇಳಿದಾಗ, ಹಾವೇರಿ ಎನ್ನಲೋ ಹೈದರಾಬಾದ್ ಎನ್ನಲೋ ತಿಳಿಯದೆ ಒಂದು ಕ್ಷಣ ತಡವರಿಸಿದೆ.

ಬೇರೆ ಊರಿನಲ್ಲಿರುವವರಿಗೂ ಇಂಥ ಜಾಗ ಸಿಕ್ಕೇ ಸಿಗುತ್ತದೆ. ಪುಣೆ, ಮುಂಬೈಯವರಿಗೆ ಸೊಲ್ಲಾಪುರದ ಸಿದ್ಧರಾಮನ ಗುಡಿ ಇದೆ, ರಾಷ್ಟ್ರಕೂಟರ ಕೃಷ್ಣ ಕಟ್ಟಿಸಿದ ಎಲ್ಲೋರದ ಕೈಲಾಸ ಇದೆ. ಕಾಶ್ಮೀರ, ದುಬೈ ಬೇಡ ಅನ್ನುತ್ತಿಲ್ಲ. ಅವಕ್ಕೂ ಹೋಗಿ. ವರ್ಷದಲ್ಲಿ ಎರಡು ದಿನ ಇವಕ್ಕೂ ಇಡಿ, ಮಕ್ಕಳು ಇನ್ನೂ ನಮ್ಮ ಜೊತೆ ಕಾರಿನಲ್ಲಿ ಕೂರುವ ವಯಸ್ಸಿನಲ್ಲಿರುವಾಗಲೇ.

ಬ್ಯಾಂಕಿನ ದಾಖಲೆಯಲ್ಲಿ ನನ್ನ ಸ್ವಂತ ಊರು ಈಗಲೂ ಆ ಹಳ್ಳಿಯೇ. ಬದಲಾಯಿಸಿಲ್ಲ, ಬದಲಾಯಿಸುವುದೂ ಇಲ್ಲ. ಆದರೆ ಮುಂದಿನ ಡಿಸೆಂಬರಿಗೆ ಬೀದರಿಗೆ ಮತ್ತೆ ಹೋಗೋಣ ಎಂದು ಮಗನೇ ಹೇಳಿದ್ದಾನೆ. ಈ ಸಲ ಅವನ ಗೆಳೆಯರೂ ಬರುತ್ತಾರಂತೆ, ಬೋರ್ಡು ಅವನೇ ಓದಿ ಹೇಳುತ್ತಾನಂತೆ. ನನಗೆ ಇನ್ನೇನು ಬೇಕು?