ಕಡಲಡಿಯ ಮರಳು ಬರೀ ದಾಸ್ತಾನಲ್ಲ

ವಿಶಾಖಪಟ್ಟಣದ ಆಟೋನಗರ್‌ಗೆ ಬಂದು ನೆಲೆನಿಂತ ನಮ್ಮಂಥವರಿಗೆ ಕಡಲು ಅಂದ್ರೆ ಭಾನುವಾರದ ಆರ್.ಕೆ. ಬೀಚ್. ಅಲ್ಲಿನ ಮರಳೆಲ್ಲ ತಾನಾಗಿ ಬಂದದ್ದಲ್ಲ, ಗೊತ್ತಾ? ಈ ಕರಾವಳಿಯಲ್ಲಿ ಮರಳು ಹೆಚ್ಚಾಗಿ ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತೆ. ಬಂದರಿನ ತಡೆಗೋಡೆ ಅದನ್ನು ಹಿಡಿದಿಟ್ಟರೆ, ಹೂಳೆತ್ತಿ ಬೀಚಿಗೆ ಸುರಿಯಬೇಕು.

ಕಡಲಡಿಯ ಮರಳು, ಕೆಸರಿನ ದಪ್ಪ ಅಳೆಯೋದು ಸದ್ದಿನಿಂದ. ಹಡಗಿನಿಂದ ಬಿಟ್ಟ ಸದ್ದು ಮೊದಲು ಕಡಲತಳದಿಂದ, ಆಮೇಲೆ ಕೆಳಗಿನ ಬಂಡೆಯಿಂದ ವಾಪಸ್ ಬರುತ್ತೆ. ನಡುವಿನ ಅಂತರ 20 ಮಿಲಿಸೆಕೆಂಡ್, ಕೆಸರಲ್ಲಿ ಸದ್ದಿನ ವೇಗ ಸೆಕೆಂಡಿಗೆ 1,600 ಮೀಟರ್ ಅಂತಿಟ್ಟುಕೊಳ್ಳಿ. ದಪ್ಪ 16 ಮೀಟರ್. ಈ ಕೆಲಸ ಮಾಡುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಕಡಲ ವಿಭಾಗದ ಕೇಂದ್ರ ಕಚೇರಿ ನಮ್ಮ ಮಂಗಳೂರಲ್ಲೇ ಇದೆ!

ಆದರೆ ದಪ್ಪ ಅನ್ನೋದು ಗೋಡೌನಿನ ದಾಸ್ತಾನಿದ್ದಂತೆ. ಎಷ್ಟು ಲೋಡು ಬರುತ್ತೆ, ಎಷ್ಟು ಹೋಗುತ್ತೆ ಅಂತ ನೋಡದೆ ದಾಸ್ತಾನು ಮಾರೋಕಾಗುತ್ತಾ? 2024ರಲ್ಲಿ ಕೇಂದ್ರ ಸರ್ಕಾರ ಕೇರಳದ ಕಡಲ ಮರಳನ್ನು ಹರಾಜಿಗಿಟ್ಟಾಗ ಮೀನುಗಾರರು ಬೀದಿಗಿಳಿದಿದ್ದು ಸುಮ್ಮನೆ ಅಲ್ಲ. ನಾಳೆ ನಮ್ಮ ಕಡಲಿಗೂ ಆ ಸರದಿ ಬರಬಹುದು. ನನ್ನ ಮಾತಿಷ್ಟೇ: ಒಂದೇ ಜಾಗವನ್ನು ವರ್ಷವರ್ಷವೂ ಅಳೆಯಿರಿ, ನಕ್ಷೆಯನ್ನು ಮೀನುಗಾರರ ಮುಂದಿಡಿ. ಹರಾಜು ಆಮೇಲಿನ ಮಾತು. ಏನಂತೀರಿ?