ಹೆಣ್ಣು ಮರಿಯಾದರೂ ಇರಲಿ

ದ್ರಾಕ್ಷಿ ಕೊಯ್ಲು ಮುಗಿದು, ಬೇದಾಣೆ ಶೆಡ್ಡಿನಲ್ಲಿ ಒಣಗುವ ಹೊತ್ತಿಗೆ ಕವಲಾಪುರ, ಸಾಂಗಲಿ, ತಾಸಗಾಂವ ಕಡೆಯ ಮನೆಗಳಲ್ಲಿ ಬೆಕ್ಕಿನ ಮಾತು ಶುರುವಾಗುತ್ತದೆ. ಜೋಳದ ಚೀಲಕ್ಕೆ ಇಲಿ ತೂತು ಮಾಡಿರುತ್ತದೆ, ಮಕ್ಕಳ ಹಠ ಬೇರೆ. ಬೆಕ್ಕುಗಳು ಮರಿ ಹಾಕುವ ಕಾಲವೂ ಅದೇ ಆದ್ದರಿಂದ ಕೇಳಿದವರಿಗೆಲ್ಲ ಮರಿ ಸಿಗುತ್ತದೆ.

ಆದರೆ ಕೇಳುವವರೆಲ್ಲ "ಗಂಡು ಮರಿ ಇದ್ರ ಕೊಡ್ರಿ" ಎನ್ನುತ್ತಾರೆ. ಹೆಣ್ಣು ಮರಿಗಳು ಉಳಿದುಬಿಡುತ್ತವೆ. ಉಳಿದವು ಒಂದು ರಾತ್ರಿ ಗೋಣಿಚೀಲ ಸೇರಿ ಸಂತೆಯ ಬದಿಗೋ, ಕಬ್ಬಿನ ಗದ್ದೆಯ ಬದುವಿಗೋ, ಗುಡಿ ಚರ್ಚುಗಳ ಗೋಡೆಯ ಮಗ್ಗುಲಿಗೋ ಹೋಗುತ್ತವೆ. ದೇವರ ಜಾಗ, ಯಾರಾದರೂ ನೋಡಿಕೊಳ್ಳುತ್ತಾರೆ ಎಂಬ ಸಮಾಧಾನ! ತಾಯಿಯ ಹಾಲು ಬಿಡದ ಮರಿ ಅಲ್ಲಿ ಎರಡು ದಿನ ಬದುಕಿದರೆ ಹೆಚ್ಚು. ನಮ್ಮ ಮನಸ್ಸಿಗೆ ಇದು ಒಪ್ಪುವುದಿಲ್ಲ.

ಹೆಣ್ಣು ಬೆಕ್ಕು ಬೇಡ ಎನ್ನುವುದಕ್ಕೆ ಇರುವ ಕಾರಣ ಒಂದೇ, ಮರಿಗಳ ಸಾಲು. ಅದು ಸುಳ್ಳೇನಲ್ಲ. ನಾಲ್ಕೈದು ತಿಂಗಳಿಗೇ ಗರ್ಭ ಕಟ್ಟಬಹುದು, ಎರಡು ತಿಂಗಳಿಗೆ ಹೆರಿಗೆ, ವರ್ಷಕ್ಕೆ ಎರಡು ಮೂರು ಸಲ. ಆದರೆ ಪಶುವೈದ್ಯರು ಐದಾರು ತಿಂಗಳ ವಯಸ್ಸಿನಲ್ಲಿ ಮಾಡುವ ಒಂದು ಶಸ್ತ್ರಚಿಕಿತ್ಸೆಗೆ ಆ ಚಿಂತೆ ಮುಗಿಯಿತು. ಗಂಡಿಗೂ ಮಾಡಿಸುವುದು ಒಳ್ಳೆಯದು. ಊರು ಸುತ್ತಿ ಕಾದಾಡಿ ಹರಿದ ಕಿವಿ ಹೊತ್ತು ಬರುವುದು ಕಡಿಮೆಯಾಗುತ್ತದೆ. ಇಲಿ ಹಿಡಿಯುವುದರಲ್ಲಿ ಹೆಣ್ಣು ಬೆಕ್ಕೇನೂ ಹಿಂದಿಲ್ಲ. ಮೂರು ಬಣ್ಣದ ಬೆಕ್ಕು ಚೆಂದ ಎಂದು ಹುಡುಕಿ ತರುವವರು ತಿಳಿದಿರಲಿ, ಅದು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ.

ಮರಿಯನ್ನು ಎಂಟು ವಾರದೊಳಗೆ ತಾಯಿಯಿಂದ ಅಗಲಿಸಬೇಡಿ. ಕಣ್ಣು ಮೂಗು ಸೋರದೆ, ಹಿಂಭಾಗ ಶುಚಿಯಾಗಿ, ಕೈ ನೀಡಿದರೆ ಮೂಸಲು ಬರುವ ಮರಿ ಒಳ್ಳೆಯದು. ಮನೆಮಂದಿಯ ಕೈಯಲ್ಲಿ ಆಡಿ ಬೆಳೆದದ್ದಾದರೆ ಬೇಗ ಹೊಂದಿಕೊಳ್ಳುತ್ತದೆ. ಕರಿ ಬೆಕ್ಕು ಅಪಶಕುನ ಎನ್ನುವವರ ಮಾತನ್ನು ಕಿವಿಗೆ ಹಾಕಿಕೊಳ್ಳುವುದೇ ಬೇಡ.

ತಂದ ದಿನ ನೆಂಟರಿಷ್ಟರನ್ನೆಲ್ಲ ಕರೆದು ಕೈಯಿಂದ ಕೈಗೆ ದಾಟಿಸಬಾರದು. ಒಂದು ಕೋಣೆ, ಹಳೆ ಸೀರೆ ಹಾಸಿದ ರಟ್ಟಿನ ಪೆಟ್ಟಿಗೆ, ಮೂಲೆಯಲ್ಲಿ ಮರಳಿನ ತಟ್ಟೆ, ಇಷ್ಟು ಸಾಕು. ಮಂಚದ ಕೆಳಗೆ ಅವಿತು ಕೂತರೆ ಕೂರಲಿ, ಎಳೆಯಬೇಡಿ. ತಾನಾಗಿ ಹೊರಗೆ ಬರುತ್ತದೆ. ಎಮ್ಮೆ ಹಾಲಿಗೆ ಹಲವು ಮರಿಗಳ ಹೊಟ್ಟೆ ಕೆಡುತ್ತದೆ. ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು, ಉಪ್ಪು ಮಸಾಲೆ ಇಲ್ಲದ ಕೋಳಿ, ಪಕ್ಕದಲ್ಲಿ ನೀರು ಇಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯಂತೂ ಜೀವವನ್ನೇ ತೆಗೆಯುತ್ತದೆ. ಬೇದಾಣೆಯನ್ನೂ ತಿನ್ನಿಸಬೇಡಿ.

ಬೆಕ್ಕು ತರುವ ಮುಂಚೆ ಇಲಿ ಪಾಷಾಣವನ್ನು ಮನೆಯಿಂದ, ಶೆಡ್ಡಿನಿಂದ ಪೂರ್ತಿ ತೆಗೆಯಿರಿ. ಪಾಷಾಣ ತಿಂದ ಇಲಿಯನ್ನು ತಿಂದು ಬೆಕ್ಕೂ ಸಾಯಬಹುದು. ಬೆಕ್ಕನ್ನು ಉಪವಾಸ ಕೆಡವಿದರೆ ಚೆನ್ನಾಗಿ ಇಲಿ ಹಿಡಿಯುತ್ತದೆ ಎಂಬುದೂ ತಪ್ಪು ಲೆಕ್ಕ. ಹೊಟ್ಟೆ ತುಂಬಿದ ಬೆಕ್ಕೂ ಬೇಟೆ ಬಿಡುವುದಿಲ್ಲ.

ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ, ಮುಂದಿನ ಸೂಜಿ ಯಾವಾಗ ಎಂದು ವೈದ್ಯರಲ್ಲಿ ಬರೆಸಿಕೊಳ್ಳಿ. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ನಮ್ಮ ಮನೆಯದೇ ಅಲ್ಲವೇ ಎಂದು ಅರಿಶಿನ ಮೆತ್ತಿ ಸುಮ್ಮನಿರಬೇಡಿ. ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ದವಾಖಾನೆಗೆ ಹೋಗಿ.

ಇನ್ನು ಹೆಸರು. ಒಳಗೆ ಕನ್ನಡ, ಓಣಿಯಲ್ಲಿ ಮರಾಠಿ ಆಡುವ ನಮ್ಮಂಥ ಮನೆಗಳಲ್ಲಿ ಅಜ್ಜಿ ಒಂದು ಹೆಸರು, ಮಕ್ಕಳು ಇನ್ನೊಂದು ಹೆಸರು ಇಟ್ಟಿರುತ್ತಾರೆ. ಊಟದ ತಟ್ಟೆ ಇಡುವಾಗ ದಿನಾ ಕೂಗುವ ಹೆಸರು ಯಾವುದೋ, ಬೆಕ್ಕು ಓಡಿ ಬರುವುದು ಅದಕ್ಕೇ.