ಹೆಸರಿಗಷ್ಟೇ ಇರುವ ಸಮಿತಿಗೆ ಹೆಸರು ಕೊಡಿ

ಗ್ರಾಮ ಪಂಚಾಯಿತಿ ಚುನಾವಣೆ ಎಂದರೆ ಊರಿಗೆ ಊರೇ ಎದ್ದು ನಿಲ್ಲುತ್ತದೆ. ಅದೇ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ಯಾರಿದ್ದಾರೆಂದು ಕೇಳಿ ನೋಡಿ. ಕೆಲವೆಡೆ ಸದಸ್ಯರಿಗೇ ಗೊತ್ತಿರಲಿಕ್ಕಿಲ್ಲ! ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಇಂಥ ಸಮಿತಿ ಇರಬೇಕೆಂದು ಹೇಳಿದ್ದು 2002ರ ಜೀವವೈವಿಧ್ಯ ಕಾಯ್ದೆ. ಊರಿನ ಗಿಡಮರ, ನಾಟಿ ತಳಿ, ಮದ್ದಿನ ಬೇರುಗಳ ತಿಳಿವಳಿಕೆಯನ್ನು ಜನತಾ ಜೀವವೈವಿಧ್ಯ ದಾಖಲೆಗೆ ಇಳಿಸುವುದು ಅದರ ಮುಖ್ಯ ಕೆಲಸ. ವ್ಯಾಪಾರಕ್ಕೆಂದು ಇವನ್ನು ಸಂಗ್ರಹಿಸುವವರಿಂದ ಶುಲ್ಕ ಪಡೆಯುವ ಅಧಿಕಾರವೂ ಉಂಟು.

ದಾಖಲೆ ಮುಗಿಸಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟಿತು. ತಪ್ಪಿದ ರಾಜ್ಯಕ್ಕೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ. ಗಡುವಿಗೆ ಹೆದರಿ ತುಂಬಿದ ಪುಟಗಳಲ್ಲಿ, ಒಳ್ಳೆಯ ಅಪ್ಪೆಮಿಡಿ ಮರ ಯಾವ ಹಳ್ಳದ ದಂಡೆಯಲ್ಲಿದೆ ಎಂಬುದು ಸಿಗುವುದು ಕಷ್ಟ. ಅದನ್ನು ಬಲ್ಲವರು ನಾಟಿ ವೈದ್ಯರು, ದನ ಕಾಯುವವರು, ಬೀಜ ಕಾಪಿಟ್ಟ ಹೆಂಗಸರು. ಸಮಿತಿಯಲ್ಲಿ ಮೂರನೇ ಒಂದರಷ್ಟು ಮಹಿಳೆಯರಿರಬೇಕೆಂದು 2004ರ ನಿಯಮಗಳೇ ಹೇಳಿದ್ದವು.

ಇಲ್ಲಿ ಮತಪೆಟ್ಟಿಗೆ ಇಲ್ಲ, ನಾಮಕರಣವಷ್ಟೆ. ಸುಮ್ಮನಿದ್ದರೆ ಆ ಕುರ್ಚಿ ಅಧ್ಯಕ್ಷರ ಹಿಂಬಾಲಕರ ಪಾಲು. ಬಲ್ಲವರು ಮುಂದಿನ ಗ್ರಾಮಸಭೆಯಲ್ಲಿ ಎದ್ದುನಿಂತು ತಮ್ಮ ಹೆಸರನ್ನು ತಾವೇ ಸೂಚಿಸಲಿ, ಸಂಕೋಚ ಬೇಡ.